ಅತ್ತಿಗೆಯ ಕಡೆಗೆ ತಿರುಗಿದ ಮೀಟರ್

ಅಣ್ಣನ ಲಾರಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೆ ಡೀಸೆಲ್ ಎಷ್ಟು ಒತ್ತಡದಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೆಶರ್ ಮೀಟರ್ ತಂದ ಅವನು, "ಮೆಕ್ಯಾನಿಕ್ ಯಾಕೆ? ನಾನೊಬ್ಬನೇ ಹಾಕ್ತೀನಿ" ಎಂದ. ಅವನೊಬ್ಬನೇ ಹಾಕುವುದೆಂದರೆ ಅತ್ತಿಗೆ ಟಾರ್ಚ್ ಹಿಡಿಯುವುದು, ಸ್ಪ್ಯಾನರ್ ಹುಡುಕುವುದು, ಚೆಲ್ಲಿದ ಡೀಸೆಲ್ ಒರೆಸುವುದು, ನಡುವೆ ಓಡಿಹೋಗಿ ಉಕ್ಕುವ ಹಾಲು ಇಳಿಸಿ ಬರುವುದು.

ಒಮ್ಮೆ ಲಾರಿಯಲ್ಲಿ ಕೂತು ಸಮುದ್ರ ನೋಡಿ ಬರಬೇಕೆಂದು ಅತ್ತಿಗೆಗೆ ಬಹಳ ಆಸೆ. "ಮನೆ ಯಾರು ನೋಡ್ಕೋತಾರೆ?" ಎಂದು ಅಮ್ಮ ಪ್ರತಿಸಲವೂ ಬಾಯಿ ಮುಚ್ಚಿಸುತ್ತಿದ್ದಳು.

ತಂತಿ ಎಳೆದಾದ ಮೇಲೆ ಅಣ್ಣ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. "ಮೀಟರು ಇದರ ಮೇಲಿಟ್ಟು ನೆಟ್ಟಗೆ ಕಾಣೋ ಹಾಗೆ ಹಿಡ್ಕೋ, ಅಲ್ಲಾಡಿಸ್ಬೇಡ."

ಪಕ್ಕದ ಸೀಟಿನಲ್ಲಿದ್ದ ಅತ್ತಿಗೆ ತನಗೆ ನೆಟ್ಟಗೆ ಕಾಣುವ ಹಾಗೆ ಹಿಡಿದಳು. ಅವನು ಕೆಳಗಿನಿಂದಲೇ ತೂತು ಕೊರೆದು ಸ್ಕ್ರೂ ಬಿಗಿದ. ಆಮೇಲೆ ಡ್ರೈವರ್ ಸೀಟಿಗೆ ಬಂದು ಎಂಜಿನ್ ಚಾಲೂ ಮಾಡಿದರೆ ಅವನಿಗೆ ಕಂಡದ್ದು ಮೀಟರಿನ ಬೆನ್ನು.

"ಅಯ್ಯೋ, ಇದೇನೇ ಇದು! ಮುಳ್ಳು ಯಾರಿಗೆ ಕಾಣುತ್ತೆ?"

"ನಂಗೆ ಚೆನ್ನಾಗಿ ಕಾಣ್ತಿದೆ ರೀ. ನೋಡಿ, ಮೇಲೆ ಹತ್ತಿತು!"

ಮತ್ತೆ ಕೊರೆದರೆ ಡ್ಯಾಶ್‌ಬೋರ್ಡು ಜರಡಿಯಾಗುತ್ತಿತ್ತು. ಬಂದರಿಗೆ ಒಯ್ಯಬೇಕಾದ ಸರಕು ಆಗಲೇ ಲಾರಿಯಲ್ಲಿ ತುಂಬಿತ್ತು. ಅಣ್ಣ ತಲೆ ಕೆರೆದುಕೊಂಡ. "ಮುಳ್ಳು ನೋಡೋಕೆ ಇವಳು ಬರ್ಲೇಬೇಕಮ್ಮ."

"ಹಾಗಾದ್ರೆ ಅಡುಗೆ?" ಅಮ್ಮ ಸೊಂಟದ ಮೇಲೆ ಕೈ ಇಟ್ಟಳು.

"ಕುಕ್ಕರಿಗೂ ಪ್ರೆಶರ್ ಇದೆ ಅತ್ತೆ, ಅದನ್ನ ನೀವು ನೋಡ್ಕೊಳ್ಳಿ" ಎಂದು ಅತ್ತಿಗೆ ಕಿಟಕಿಯ ಗಾಜು ಇಳಿಸಿದಳು.

ಊರು ದಾಟುವ ಮೊದಲೇ ಅಣ್ಣ ನೀರು ಕೇಳಿದನಂತೆ. ಅತ್ತಿಗೆ ಮುಳ್ಳಿನಿಂದ ಕಣ್ಣು ಕೀಳದೆ, "ನಾನು ಡ್ಯೂಟೀಲಿದ್ದೀನಿ. ಗಾಡಿ ನಿಲ್ಲಿಸಿ ನೀವೇ ತಗೊಳ್ಳಿ" ಎಂದಳಂತೆ.