ಹದಿನೇಳು ದೋಷಗಳ ಮನೆ

ಹೈದರಾಬಾದಿನ ಮಲ್ಕಾಜ್‌ಗಿರಿಯ ಕನ್ನಡದವರು ಫ್ಲ್ಯಾಟ್ ಕೊಳ್ಳಬೇಕೆಂದರೆ ಮೊದಲು ಬ್ಯಾಂಕಿಗೆ ಹೋಗುವುದಿಲ್ಲ, ಹನುಮಂತರಾಯರ ಮನೆಗೆ ಹೋಗುತ್ತಾರೆ. ರಾಯರು ರಾಯಚೂರು ಕಡೆಯವರು. ನಗರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ತಯಾರಾಗಿ ಬಂದ ಬಿಡಿಭಾಗಗಳಲ್ಲಿ ದೋಷ ಹುಡುಕುವುದೇ ಅವರ ಕೆಲಸ. ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಕೈಗೆ ಕೆಲಸ ಇಲ್ಲದಂತಾಯಿತು, ಕಣ್ಣು ಮಾತ್ರ ಸುಮ್ಮನೆ ಕೂರಲಿಲ್ಲ. ಯಾರೋ ಪರಿಚಯದವರು ಮನೆ ನೋಡಲು ಜೊತೆಗೆ ಕರೆದರು, ಇವರು ಹೋಗಿ ಗೋಡೆಯ ಬಿರುಕು ತೋರಿಸಿದರು, ಅಷ್ಟೇ. ಅಂದಿನಿಂದ ಬೇಡಿಕೆ ನಿಂತಿಲ್ಲ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಚಹಾ ಮಾತ್ರ ಎರಡು ಸಲ ಆಗಬೇಕು.

ಮನೆ ನೋಡುವ ಅವರ ರೀತಿಯೇ ಬೇರೆ. ಮೊದಲ ಸಲ ಹೋದಾಗ ಮನೆಯೊಳಗೆ ಕಾಲೇ ಇಡುವುದಿಲ್ಲ. ಕೆಳಗೆ ವಾಚ್‌ಮನ್ ಪಕ್ಕದಲ್ಲಿ ಕೂತು, ತೆಲುಗಿನಲ್ಲಿ ಅವನ ಊರು, ಮಕ್ಕಳು ಎಲ್ಲ ವಿಚಾರಿಸಿ, ಕೊನೆಗೆ ಹೋದ ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ತರಿಸಿದರು ಎಂದು ಕೇಳಿಕೊಂಡು ಬರುತ್ತಾರೆ. ಮಾಲೀಕ ಸುಳ್ಳು ಹೇಳಿಯಾನು, ಟ್ಯಾಂಕರಿಗೆ ಗೇಟು ತೆಗೆದವನು ಯಾಕೆ ಹೇಳುತ್ತಾನೆ? ಎರಡನೆಯ ಸಲ ಬೆಳಿಗ್ಗೆ ಏಳಕ್ಕೆ ಹೋಗುತ್ತಾರೆ, ಇಡೀ ಕಟ್ಟಡ ಸ್ನಾನಕ್ಕೆ ನಿಂತಿರುವ ಹೊತ್ತು. ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡುತ್ತಾರೆ. ಮೂರನೆಯ ಸಲ ದೊಡ್ಡ ಮಳೆ ಬಿದ್ದ ಮರುದಿನ. ಜೇಬಿನಲ್ಲೊಂದು ಉಕ್ಕಿನ ಗುಂಡು ಇರುತ್ತದೆ. ಅದನ್ನು ನೆಲದ ಮೇಲೆ ಬಿಟ್ಟು ಎತ್ತ ಉರುಳುತ್ತದೆ ಎಂದು ಬಗ್ಗಿ ನೋಡುತ್ತಾರೆ. ನಾಣ್ಯದಿಂದ ಟೈಲ್ಸ್ ತಟ್ಟಿ, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೀಟು ಹಾಕುತ್ತಾರೆ. ಮನೆ ಮಾರುವವರಿಗೆ ಇವರ ನೆರಳು ಕಂಡರಾಗುವುದಿಲ್ಲ.

ಕಾಗದಪತ್ರದ ವಿಷಯದಲ್ಲಂತೂ ಬಲು ಜಿಗುಟು. ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ ಬೇಕು, ಹಿಂದಿನ ಒಬ್ಬೊಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಕೈ ಬದಲಾದ ಕ್ರಯಪತ್ರಗಳೆಲ್ಲ ಬೇಕು, ಮಂಜೂರಾದ ನಕ್ಷೆ ಬೇಕು.

"ನಕಾಶೆದಾಗ ಮೂರು ಮಹಡಿ ಐತಿ, ಕಣ್ಣಿಗೆ ನಾಕು ಕಾಣಾಕತ್ತೈತಿ ಅಂದ್ರ, ನಾಕನೇದು ಗಾಳ್ಯಾಗ ಐತಿ ಅಂತ ತಿಳೀರಿ" ಎನ್ನುತ್ತಾರೆ. "ಮತ್ತ ಮನಿ ಮನಸ್ಸಿಗೆ ಬಂದ ದಿನ ಅಡ್ವಾನ್ಸ್ ಕೊಡಬ್ಯಾಡ್ರಿ. ಮನಿಗಿ ಹೋಗಿ ಊಟ ಮಾಡಿ ಮಕ್ಕೊಳ್ರಿ. ಮರುದಿನಾನೂ ಅದ ಮನಿ ಬೇಕನಿಸಿದ್ರ ಕೊಡ್ರಿ."

ಇಂಥ ರಾಯರಿಗೆ ತಮ್ಮದೇ ಮನೆ ಮಾರುವ ಕಾಲ ಬಂತು.

ಕಾರಣ ಹೆಂಡತಿ ಗುಣವತಿಯವರ ಮೊಣಕಾಲು. ಮನೆ ಮೂರನೆಯ ಮಹಡಿಯಲ್ಲಿ, ಕಟ್ಟಡ ಹಳೆಯದು. ಹದಿನಾಲ್ಕು ತಿಂಗಳ ಹಿಂದೆ ಕಾಲು ತೀರಾ ಹಿಡಿದುಕೊಂಡಾಗ ಇಬ್ಬರು ಗಂಡಸರು ಗುಣವತಿಯವರನ್ನು ಕುರ್ಚಿಯಲ್ಲಿ ಕೂರಿಸಿ ಆಸ್ಪತ್ರೆಗೆಂದು ಕೆಳಗಿಳಿಸಿದ್ದರು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ಯಾರೂ ನಗಲಿಲ್ಲ, ಎಲ್ಲರೂ ಮರುಗಿದರು, ಆದರೆ ಗುಣವತಿಯವರಿಗೆ ಆ ಮರುಕವನ್ನೇ ಸಹಿಸಲಾಗಲಿಲ್ಲ. ಅದೇ ಕುರ್ಚಿಯಲ್ಲಿ ಮೇಲೆ ಬಂದವರು, ಇನ್ನು ಇಳಿದರೆ ನನ್ನ ಕಾಲಿನ ಮೇಲೇ ಇಳಿಯುತ್ತೇನೆ ಎಂದು ಹಟ ಹಿಡಿದು ಕೂತರು. ಅಂದಿನಿಂದ ಇಳಿದಿರಲಿಲ್ಲ. ಇಪ್ಪತ್ತು ವರ್ಷ ದಸರೆಯ ಹೊತ್ತಿಗೆ ಓಣಿಯ ತೆಲುಗು ಹೆಂಗಸರ ಜೊತೆ ಹೂರಾಶಿಯ ಸುತ್ತ ಹಾಡುತ್ತ, ಕೈ ತಟ್ಟಿ ಬತುಕಮ್ಮ ಆಡಿದವರು, ಹೋದ ವರ್ಷ ಬಾಲ್ಕನಿಯ ಸರಳು ಹಿಡಿದು ಮೇಲಿಂದಲೇ ನೋಡಿದರು. ಹಾಡು ಮುಗಿಯುವ ಮೊದಲೇ ಒಳಗೆ ಹೋಗಿ ಮಲಗಿಬಿಟ್ಟರು. ಅದನ್ನು ಕಂಡ ದಿನ ರಾಯರು ಮನೆ ಬದಲಿಸುವ ತೀರ್ಮಾನ ಮಾಡಿದ್ದರು.

ಹುಡುಕಿದ್ದಕ್ಕೆ ಎರಡು ಓಣಿ ಆಚೆ ನೆಲಮಹಡಿಯ ಫ್ಲ್ಯಾಟೊಂದು ಸಿಕ್ಕಿತು. ನಿವೃತ್ತ ಮೇಷ್ಟ್ರೊಬ್ಬರದು. ಅವರು ವರಂಗಲ್‌ನಲ್ಲಿರುವ ಮಗಳ ಬಳಿಗೆ ಹೊರಟಿದ್ದರು. ರಾಯರು ಮೂರು ಸಲ ನೋಡಿ, ಗುಂಡು ಉರುಳಿಸಿ, ಅಪರೂಪಕ್ಕೆ ಮೆಚ್ಚಿ ತಲೆಯಾಡಿಸಿದರು. ದಸರೆಯವರೆಗೆ ನಿಮಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದರು ಮೇಷ್ಟ್ರು. ಇವರ ಮನೆ ಮಾರಾಟವಾದರೆ ತಾನೇ ಅದನ್ನು ಕೊಳ್ಳುವುದು? ಕೈಯಲ್ಲಿ ಎರಡು ತಿಂಗಳಿತ್ತು.

ದಲ್ಲಾಳಿ ಹುಸೇನಪ್ಪ ರಾಯರ ಊರಿನ ಕಡೆಯವನೇ. ಮಾತಿನಲ್ಲಿ ಎತ್ತಿದ ಕೈ. ಅವನು ವಾರದಲ್ಲೇ ಮೊದಲ ಗಿರಾಕಿಯನ್ನು ಕರೆತಂದ. ಗಿರಾಕಿ ಸೋಫಾದಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ರಾಯರು ಅವನ ಕೈಗೆ ಒಂದು ಹಾಳೆ ಕೊಟ್ಟರು. ಕಾರ್ಖಾನೆಯ ತಪಾಸಣಾ ವರದಿಯ ಮಾದರಿಯಲ್ಲೇ ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದು, ಕೆಳಗೆ ಸಹಿ, ತಾರೀಖು. ಒಟ್ಟು ಹದಿನೇಳು ದೋಷ. ಪಡಸಾಲೆಯಲ್ಲಿ ನಾಲ್ಕು ಟೈಲ್ಸ್ ಪೊಳ್ಳು. ಮಲಗುವ ಕೋಣೆಯ ಮೂಲೆಯಲ್ಲಿ ಆಷಾಢದಿಂದ ಭಾದ್ರಪದದವರೆಗೆ ತೇವ. ಮೇ ತಿಂಗಳ ಮಧ್ಯಾಹ್ನ ತಾರಸಿಯ ಕಾವು ಇಳಿದು ಫ್ಯಾನು ಬಿಸಿಗಾಳಿ ಬೀಸುತ್ತದೆ. ಕೆಳಗಿನ ಮನೆಯವರು ಮೋಟಾರು ಹಾಕಿದಾಗ ಅಡುಗೆಮನೆಯ ನಲ್ಲಿಯ ನೀರು ಸಣ್ಣಗಾಗುತ್ತದೆ. ಹೀಗೆ ಹದಿನೇಳು.

ಗಿರಾಕಿ ಓದುತ್ತ ಓದುತ್ತ ಲೋಟ ಕೆಳಗಿಟ್ಟ. ಯೋಚಿಸಿ ಹೇಳುತ್ತೇನೆ ಎಂದು ಎದ್ದವನು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಹಾಕಿಕೊಂಡ. ಎರಡನೆಯ ಗಿರಾಕಿ ಒಂಬತ್ತನೆಯ ದೋಷದವರೆಗೆ ತಾಳಿದ. ಮೂರನೆಯವರು ಗಂಡ ಹೆಂಡತಿ. ಅವರಿಗೆ ಮನೆ ನಿಜಕ್ಕೂ ಹಿಡಿಸಿತ್ತು. ರಾಯರು ಬಿಡದೆ ಕೋಣೆಗೆ ಕರೆದೊಯ್ದು, ತೇವದ ಮೂಲೆಗೆ ಅವರ ಅಂಗೈ ಒತ್ತಿಸಿ, ಇದು ಈಗ ಏನೂ ಅಲ್ಲ, ಇನ್ನೂ ಹೆಚ್ಚಾಗುತ್ತದೆ ಎಂದು ಭರವಸೆ ಕೊಟ್ಟು ಕಳಿಸಿದರು.

ಹುಸೇನಪ್ಪ ಹಣೆ ಹಣೆ ಚಚ್ಚಿಕೊಂಡ. "ಕ್ಯಾ ರಾಯರ, ನೀವು ಮನಿ ಮಾರಾಕತ್ತೀರೋ, ಮನಿ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡಾಕತ್ತೀರೋ? ನನಗ ಪೂರಾ ಪರೇಶಾನ್ ಮಾಡಿಬಿಟ್ರಿ."

"ಐಬು ಮುಚ್ಚಿಟ್ಟು ಮಾರೂದು ನನ್ನ ಕೈಲಿಂದ ಆಗೂದಿಲ್ಲಪ" ಎಂದರು ರಾಯರು, ಎದೆಯುಬ್ಬಿಸಿ. "ನಾಕು ಮಂದಿಗೆ ಹೇಳಾಂವ ನಾನು. ನಾನ ಹಂಗ ಮಾಡಿದ್ರ ಹೆಂಗ?"

ಗಣೇಶ ಚೌತಿ ಕಳೆಯಿತು. ಮೇಷ್ಟ್ರು ಫೋನ್ ಮಾಡಿ, ಬೇರೆಯವರೂ ಬಂದು ಕೇಳುತ್ತಿದ್ದಾರೆ ಎಂದು ಸಂಕೋಚದಿಂದಲೇ ತಿಳಿಸಿದರು. ಫೋನ್ ಕೆಳಗಿಟ್ಟ ರಾಯರು ಕನ್ನಡಕ ಒರೆಸುತ್ತ ಕೂತರು. ಗುಣವತಿ ಒಳಗಿನಿಂದ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಂದು ಎದುರಿಗೆ ಕೂತರು. ಕೈಯಲ್ಲಿ ಅದೇ ವರದಿ.

"ರೀ, ಇದನ್ನ ಪೂರಾ ಓದೀನಿ. ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಹದಿನೇಳು ಬರದೀರಿ. ಇದರಾಗ ಮೆಟ್ಲು ಎಲ್ಲೈತಿ?"

ರಾಯರು ಹಾಳೆ ಕಸಿದುಕೊಂಡಂತೆ ತೆಗೆದುಕೊಂಡು ನೋಡಿದರು. ಒಂದರಿಂದ ಹದಿನೇಳು, ಹದಿನೇಳರಿಂದ ಒಂದು. ಸ್ನಾನದ ಮನೆಯ ಚಿಲಕ ಬಿಗಿ ಎಂಬುದಿತ್ತು, ಕಿಟಕಿಯ ಸೊಳ್ಳೆಪರದೆಯಲ್ಲಿ ಬೆರಳು ಹೋಗುವಷ್ಟು ತೂತು ಎಂಬುದಿತ್ತು. ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ ಎಂಬುದು ಎಲ್ಲೂ ಇರಲಿಲ್ಲ. ಯಾವ ದೋಷಕ್ಕಾಗಿ ಮನೆ ಬಿಡುತ್ತಿದ್ದರೋ ಆ ದೋಷವನ್ನೇ ಇನ್‌ಸ್ಪೆಕ್ಟರ್ ಸಾಹೇಬರು ಬಿಟ್ಟಿದ್ದರು. ಅರವತ್ತೈದರಲ್ಲೂ ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಅವರಿಗೆ ಅದು ದೋಷವೆಂದು ಹೊಳೆದೇ ಇರಲಿಲ್ಲ. ಅವರ ಮುಖ ಚಿಕ್ಕದಾಯಿತು.

"ಇನ್ನೊಂದು" ಎಂದರು ಗುಣವತಿ. "ಕಾರ್ಖಾನ್ಯಾಗ ಚಲೋ ಮಾಲಿಗೆ ಪಾಸ್ ಅಂತ ಶಿಕ್ಕಾ ಹೊಡೀತಿದ್ದಿರಿ ಹೌದಿಲ್ಲೋ? ಈ ಮನ್ಯಾಗ ಪಾಸ್ ಆಗೂವಂಥದ್ದು ಒಂದೂ ಇಲ್ಲೇನು? ಖರೆ ಹೇಳ್ರಿ. ನಿಮಗ ಈ ಮನಿ ಬಿಡೂ ಮನಸ್ಸೈತೇನು?"

ರಾಯರು ಬಾಯಿ ತೆರೆದರು. ನೀತಿ, ಪ್ರಾಮಾಣಿಕತೆ ಎಂದೆಲ್ಲ ಹೇಳಬೇಕೆಂದು ತುದಿನಾಲಿಗೆಗೆ ಬಂದಿತ್ತು. ಆದರೆ ಕಟ್ಟಡ ಏಳುತ್ತಿದ್ದಾಗಿನ ದಿನಗಳು ನೆನಪಾದವು. ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು, ಬಿಲ್ಡರನ ಆಳುಗಳು ಸೋಮಾರಿತನ ಮಾಡಿಯಾರೆಂದು, ಈ ಗೋಡೆಗಳಿಗೆ ತಾವೇ ಪೈಪು ಹಿಡಿದು ನೀರು ಉಣಿಸಿದ್ದರು. ಬಂದವರೆಲ್ಲ ಬೇಡ ಎಂದು ಹೋದಾಗ ಹೊರಗೆ ಬೇಸರ ತೋರಿಸಿದ್ದರೂ, ಒಳಗೊಳಗೆ ಎಂಥದೋ ಸಮಾಧಾನ ಆಗಿದ್ದುದು ನಿಜ.

"ಇಲ್ಲ ಗುಣಾ" ಎಂದರು. "ಮನಸ್ಸಿಲ್ಲ."

"ನನಗೂ ಇಲ್ಲರಿ. ಆದ್ರ ನನಗ ಕೆಳಗ ಇಳೀಬೇಕಾಗೈತಿ."

ಅಷ್ಟೇ ಮಾತು. ಹೆಂಡತಿಯ ಕಾಲಿಗಿಂತ ಗೋಡೆ ದೊಡ್ಡದಾಯಿತೇ ನನಗೆ ಎಂದು ರಾಯರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಎದ್ದು ಹೋಗಿ ಪೆನ್ನು ತಂದರು. ಹಾಳೆಯ ನೆತ್ತಿಯ ಮೇಲೆ, ಎಲ್ಲಕ್ಕಿಂತ ಮೊದಲು, ದಪ್ಪಕ್ಷರದಲ್ಲಿ ಬರೆದರು: ಮೆಟ್ಟಿಲು ಐವತ್ತನಾಲ್ಕು, ಲಿಫ್ಟ್ ಇಲ್ಲ, ಮೊಣಕಾಲು ನೋಯುವವರು ಈ ಮನೆ ಕೊಳ್ಳಬಾರದು. ಆಮೇಲೆ ಇನ್ನೊಂದು ಹಾಳೆ ತೆಗೆದು, "ಈಗ ಚಲೋ ಇದ್ದದ್ದು ಹೇಳು" ಎಂದರು.

ಗುಣವತಿ ಹೇಳತೊಡಗಿದರು ನೋಡಿ, ರಾಯರ ಪೆನ್ನು ಓಡಿ ಓಡಿ ಸುಸ್ತಾಯಿತು. ಚಳಿಗಾಲದಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಾಲ್ಕನಿಯಲ್ಲಿ ಎಳೆಬಿಸಿಲು, ಶ್ಯಾವಿಗೆ ಒಣಗಿಸಲು ಹೇಳಿ ಮಾಡಿಸಿದ್ದು. ಇಪ್ಪತ್ತೆರಡು ವರ್ಷದಲ್ಲಿ ಬೋರ್‌ವೆಲ್ ಬತ್ತಿದ್ದು ಒಂದೇ ಸಲ. ಅಡುಗೆಮನೆಯ ಹೊಗೆ ತಾನಾಗಿ ಹೊರಗೆ ಹೋಗುತ್ತದೆ. ಕೆಳಗಿನ ಮನೆಯವರು ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರುತ್ತಾರೆ, ಕುರ್ಚಿ ಎತ್ತಿದ್ದೂ ಅವರೇ. ದೋಷ ಹದಿನೆಂಟಾಗಿತ್ತು, ಗುಣ ಇಪ್ಪತ್ತಮೂರಕ್ಕೆ ನಿಂತಿತು. ಅದರಲ್ಲಿ ಅರ್ಧದಷ್ಟು ರಾಯರಿಗೆ ಗೊತ್ತೇ ಇರಲಿಲ್ಲ.

ದಸರೆಗೆ ಹನ್ನೆರಡು ದಿನ ಇದ್ದಾಗ ಹುಸೇನಪ್ಪ ಭವಾನಿಯನ್ನು ಕರೆತಂದ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಮೂವತ್ತರ ಹೆಣ್ಣುಮಗಳು, ಗುಂತಕಲ್ಲಿನಿಂದ ವರ್ಗವಾಗಿ ಬಂದವಳು, ಮನೆಮಾತು ಬಳ್ಳಾರಿ ಕನ್ನಡ. ಹುಟ್ಟಿದ್ದು, ಬೆಳೆದದ್ದು ಎಲ್ಲ ರೈಲ್ವೆ ಕ್ವಾರ್ಟರ್ಸಿನಲ್ಲಿ, ಸ್ವಂತದ್ದೊಂದು ಗೋಡೆ ಕಂಡವಳಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದಿದ್ದಳು. ಹುಸೇನಪ್ಪ ಮಾತ್ರ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. ರಾಯರು ಎರಡೂ ಹಾಳೆ ಕೊಟ್ಟದ್ದು ಕಂಡು ಅವನು ಕಣ್ಣು ಮುಚ್ಚಿಕೊಂಡ.

ಭವಾನಿ ಟಿಕೆಟ್ ನೋಡುವಂತೆ ಎರಡೂ ಹಾಳೆಗಳನ್ನು ಸಾಲು ಸಾಲಾಗಿ ನೋಡಿದಳು. "ಸರ್, ಒಂದನೇದು ಬಿಟ್ರೆ ಉಳಿದಿದ್ದೆಲ್ಲ ರಿಪೇರಿ ಆಗೋವೇ ಅದಾವೆ. ಒಂದನೇದು ನನಗೆ ಈಗ ತೊಂದ್ರಿಲ್ಲ, ದಿನಾ ಓಡೋ ರೈಲಲ್ಲೇ ಓಡಾಡ್ತೀನಿ. ಆದ್ರೆ ಮುಂದೆ ವಯಸ್ಸಾದ್ಮೇಲೆ?"

ಸುಮ್ಮನಿದ್ದರೆ ಆಗುತ್ತಿತ್ತು. ಹುಸೇನಪ್ಪ ಹಿಂದಿನಿಂದ ಕೈ ಮುಗಿದು ಸನ್ನೆ ಮಾಡಿದ. ಆದರೆ ಸಲಹೆ ಕೇಳಿದವರನ್ನು ರಾಯರು ಎಂದಾದರೂ ಬರಿಗೈಯಲ್ಲಿ ಕಳಿಸಿದ್ದುಂಟೇ?

"ನೋಡವಾ, ಈ ಮನಿ ಹದಿನೈದು ವರ್ಷಕ್ಕ ಅಂತ ತಗೋ. ಕಾಲು ಗಟ್ಟಿ ಇದ್ದಾಗನ ಮಾರಿಬಿಡು. ನೋವು ಬಂದಮ್ಯಾಲ ಮಾರಾಕ ಹೋಗಬ್ಯಾಡ. ಅದು ನಾನು ಮಾಡಿದ ತಪ್ಪು. ಮತ್ತ ಅಡ್ವಾನ್ಸ್ ಇವತ್ತ ಕೊಡಬ್ಯಾಡ. ಕಾಗದ ಎಲ್ಲಾ ವಕೀಲರಿಗೆ ತೋರಿಸು, ಮನಿಗಿ ಹೋಗಿ ಮಕ್ಕೋ."

ಹುಸೇನಪ್ಪ ಅಲ್ಲೇ ಗೋಡೆಗೊರಗಿದ. ಇದೂ ಹೋಯಿತು ಎಂದುಕೊಂಡ. ಭವಾನಿ ಹೋದಳು, ನಾಲ್ಕು ದಿನ ಸುದ್ದಿಯಿರಲಿಲ್ಲ. ರಾಯರು ಆ ನಾಲ್ಕು ದಿನವೂ ಸರಿಯಾಗಿ ಉಣ್ಣಲಿಲ್ಲ. ಮನೆ ಹೋಗಿಬಿಡಲಿ ದೇವರೇ ಎಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಬೇಡಿಕೊಂಡರು. ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಕರೆಗಂಟೆ ಬಡಿಯಿತು. ಭವಾನಿ ಒಳಗೆ ಬಂದವಳೇ ಯಾರನ್ನೂ ಕೇಳದೆ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನಿಂತಳು. ರಾಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದೇ ದಿನ ಕರಾರು ಆಯಿತು, ಸಂಜೆ ಮೇಷ್ಟ್ರಿಗೂ ಫೋನ್ ಹೋಯಿತು.

ಮನೆ ಖಾಲಿ ಮಾಡಿದ ದಿನ ಗುಣವತಿ ಕುರ್ಚಿ ಬೇಡವೆಂದರು. ಒಂದು ಕೈ ಕಂಬಿಗೆ, ಇನ್ನೊಂದು ಗಂಡನ ಭುಜಕ್ಕೆ ಕೊಟ್ಟು, ಪ್ರತಿ ಮಹಡಿಯಲ್ಲಿ ಕೂತು ಚಹಾ ಕುಡಿದು, ಎರಡು ಗಂಟೆ ತೆಗೆದುಕೊಂಡು ತಮ್ಮ ಕಾಲಿನ ಮೇಲೇ ಇಳಿದರು.

ಹೊಸ ಮನೆಗೆ ಬಂದು ಹತ್ತು ದಿನವಾಗಿತ್ತು. ರಾಯರು ಯಾರಿಗೋ ಮನೆ ನೋಡಿಕೊಟ್ಟು ನಗರದ ಇನ್ನೊಂದು ತುದಿಯ ಮಾದಾಪುರದಿಂದ ಸಂಜೆ ಹಿಂತಿರುಗಿದರು. ಬಾಗಿಲಿಗೆ ಬೀಗ. ಹದಿನಾರು, ಹದಿನೇಳು ತಿಂಗಳಿಂದ ಯಾವಾಗ ಬಂದರೂ ಒಳಗಿನಿಂದ ಬಾಗಿಲು ತೆರೆಯುತ್ತಿದ್ದುದರಿಂದ ಅವರು ಬೀಗದ ಕೈ ಇಟ್ಟುಕೊಳ್ಳುವುದನ್ನೇ ಮರೆತಿದ್ದರು. ಫೋನ್ ಮಾಡಿದರೆ ಅದು ಮನೆಯೊಳಗೇ ರಿಂಗಾಯಿತು. ಪಕ್ಕದ ಮನೆಯಲ್ಲಿ ವಿಚಾರಿಸಿದರೆ, ಈಗ ತಾನೇ ಕೋಲು ಹಿಡಿದುಕೊಂಡು ಹೋದರಲ್ಲ ಎಂದರು. ರಾಯರು ಹೊಸ್ತಿಲ ಮುಂದೆ ನೆಲದ ಮೇಲೆಯೇ ಕೂತರು. ನಲವತ್ತು ನಿಮಿಷ ಕೂತರು. ಸೊಳ್ಳೆ ಕಚ್ಚಿದವು. ಅಷ್ಟು ಸುಖವಾಗಿ ಅವರು ಯಾರಿಗೂ ಕಾದಿರಲಿಲ್ಲ.

ಓಣಿಯ ತಿರುವಿನಲ್ಲಿ ಗುಣವತಿ ಕಾಣಿಸಿದರು. ನಿಧಾನವಾಗಿ, ಆಚೀಚೆ ಮನೆಗಳನ್ನೆಲ್ಲ ನೋಡುತ್ತ ಬರುತ್ತಿದ್ದರು. ಕೈಯಲ್ಲಿ ಚೀಲವಿಲ್ಲ, ಏನೂ ಇಲ್ಲ.

"ಎಲ್ಲಿಗೆ ಹೋಗಿದ್ದಿ?"

"ಎಲ್ಲಿಗೂ ಇಲ್ಲರಿ" ಎಂದರು ಗುಣವತಿ, ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆಯುತ್ತ. "ಸುಮ್ನ ಹಂಗ ಹೋಗಿದ್ದೆ."