ಸಂಚಿಗೆ ಹಿಡಿಸದ ನಿಘಂಟು

ಬಳ್ಳಾರಿಯಿಂದ ಬೆಳಗಿನ ಬಸ್ಸು ಹತ್ತಿ ಆದೋನಿಯಲ್ಲಿ ಇಳಿದಾಗ ಬಿಸಿಲು ಚುರುಗುಡುತ್ತಿತ್ತು. ದಾರಿಯಲ್ಲಿ ಹಾಲಹರವಿಯ ಆಚೆ ಹೊಲಗಳಲ್ಲಿ ಹತ್ತಿ ಒಡೆದು ನಿಂತಿತ್ತು. ಲಾರಿಗಳಿಂದ ಹಾರಿದ ಎಳೆಗಳು ರಸ್ತೆ ಬದಿಯ ಜಾಲಿಮುಳ್ಳಿಗೆ ಸಿಕ್ಕಿದ್ದವು. ನಿಲ್ದಾಣದ ಎದುರು ಒಗ್ಗಾಣಿ, ಮಿರ್ಚಿ ತಿಂದು, ಬಾಯಿ ಉರಿಯುತ್ತಿರುವಾಗಲೇ ಮುದ್ರಣಾಲಯಕ್ಕೆ ಹೋದೆ. ನಾನು ಬರೆದ ಎಸ್ಪೆರಾಂಟೊ–ಕನ್ನಡ ಕಿಸೆ ನಿಘಂಟಿನ ಮೊದಲ ಪ್ರತಿ ಅಲ್ಲಿ ಸಿದ್ಧವಾಗಿತ್ತು.

ಎಸ್ಪೆರಾಂಟೊ ಎಂದರೆ ಬೇರೆ ಬೇರೆ ದೇಶದವರು ಪರಸ್ಪರ ಮಾತಾಡಿಕೊಳ್ಳಲೆಂದೇ ಕಟ್ಟಿದ ಭಾಷೆ. ಅದರ ಗೀಳು ನನಗೆ ಹತ್ತಿಸಿದವಳು ಹೊಳಗುಂದದ ನನ್ನ ದೊಡ್ಡಮ್ಮ ನೀಲಮ್ಮ. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಆಕೆ ಫೋನಿನಲ್ಲಿ ಇದನ್ನೂ ಕಲಿತು, ಜಪಾನಿನ ಹರುಕೊ ಎಂಬ ಗೆಳತಿಯನ್ನು ಸಂಪಾದಿಸಿದ್ದಳು. ಈಗ ಹರುಕೊ ಹಂಪಿಗೆ ಬರುವವಳಿದ್ದಳು. ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು ಪದಕ್ಕಾಗಿ ಫೋನು ತಡಕಾಡುವುದು ಚೆಂದವಲ್ಲ, ಪುಸ್ತಕವಿಲ್ಲದೆ ತಾನು ಹಂಪಿಗೆ ಹೋಗುವುದೇ ಇಲ್ಲ ಎಂದು ದೊಡ್ಡಮ್ಮ ಹಟ ಹಿಡಿದಿದ್ದಳು.

ಮಧ್ಯಾಹ್ನದ ಬಸ್ಸಿಗೆ ಹೊಳಗುಂದ ಮುಟ್ಟಿದೆ. ದೊಡ್ಡಮ್ಮ ಪುಸ್ತಕವನ್ನು ದೇವರ ಮುಂದಿಟ್ಟು, ವಿಭೂತಿ ಹಚ್ಚಿ, ಕೈಮುಗಿದು, ಸೊಂಟದ ಎಲೆಅಡಿಕೆ ಸಂಚಿಗೆ ತುರುಕಲು ನೋಡಿದಳು. ಅದು ಅರ್ಧಕ್ಕೇ ನಿಂತಿತು. ನಾನು ಜಾಣನಂತೆ ನನ್ನ ಅಂಗಿಯ ಕಿಸೆಯ ಅಳತೆ ಕೊಟ್ಟು ಮಾಡಿಸಿದ್ದೆ. ಕೈಚೀಲದಲ್ಲಿ ಇಟ್ಟುಕೋ ಎಂದೆ.

“ಚೀಲ ಎಲ್ಲ್ಯಾರ ಇಟ್ಟು ಮರಿತೀನಿ, ಮಗನ. ಸಂಚಿ ಆದ್ರ ಮೈಮ್ಯಾಲೇ ಇರ್ತೈತಿ. ಮಾತು ಕೈಗೆ ಸಿಗಲಾರ್ದ, ಆಕಿ ಮುಂದ ಮೂಗಿ ಹಂಗ ಕುಂದ್ರಲೇನು? ನಾ ಹೋಗಂಗಿಲ್ಲ, ಸರೇ ಬಿಡು.”

ಆಕೆಯ ಮುಖ ಸಣ್ಣದಾಗಿದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಎಲೆ, ಸುಣ್ಣದ ಡಬ್ಬಿ, ಕೀಲಿಕೈ ಎಲ್ಲ ತೆಗೆಸಿ, ಅಳತೆಗೆಂದು ಸಂಚಿಯನ್ನೇ ಕೇಳಿ ಪಡೆದೆ.

ಮರುದಿನ ಮತ್ತೆ ಆದೋನಿ. ಬೈಂಡಿಂಗ್ ಮಾಡುವ ಖಾಸಿಂ ಭಾಯ್ ಸಂಚಿಯನ್ನು ಪುಸ್ತಕದ ಪಕ್ಕ ಇಟ್ಟು ನೋಡಿ ನಕ್ಕರು. ಇಬ್ಬರೂ ಕೂಡಿ ಒಂದು ದಾರಿ ಹುಡುಕಿದೆವು: ಅಂಚು ಕತ್ತರಿಸಿ, ನಡುವೆ ಸೀಳಿ, ಎರಡು ಪುಸ್ತಕ ಮಾಡುವುದು. ಎಸ್ಪೆರಾಂಟೊದಿಂದ ಕನ್ನಡಕ್ಕೆ ಒಂದು, ಕನ್ನಡದಿಂದ ಎಸ್ಪೆರಾಂಟೊಗೆ ಇನ್ನೊಂದು. ಹೆತ್ತವರಿಗೆ ಹೆಗ್ಗಣ ಮುದ್ದು; ನನ್ನ ಪುಸ್ತಕಕ್ಕೆ ಕತ್ತಿ ಬೀಳುವುದನ್ನು ನೋಡಲಾರದೆ ಹೊರಗೆ ಚಹಾ ಕುಡಿಯುತ್ತ ನಿಂತೆ.

ಸಂಜೆ ಹೊಳಗುಂದದಲ್ಲಿ ಕನ್ನಡ–ಎಸ್ಪೆರಾಂಟೊ ಸಂಚಿಯೊಳಗೆ ಸಲೀಸಾಗಿ ಇಳಿಯಿತು. ಸಂಚಿಯ ಇನ್ನೊಂದು ಅರೆಯಲ್ಲಿ ಉಳಿದ ಪುಸ್ತಕಕ್ಕೂ ಜಾಗವಿತ್ತು. ಆದರೆ ದೊಡ್ಡಮ್ಮ ಒಳಗಿನಿಂದ ಹೊಸದೊಂದು ಸಂಚಿ ತಂದಳು. ಹರುಕೊಗೆ ಉಡುಗೊರೆ ಎಂದು ಇಳಕಲ್ ಸೀರೆಯ ತುಂಡಿನಲ್ಲಿ ತಾನೇ ಹೊಲಿದದ್ದು. ಎಸ್ಪೆರಾಂಟೊ–ಕನ್ನಡ ಪುಸ್ತಕವನ್ನು ಅದರೊಳಗೆ ಇಟ್ಟಳು. ಹರುಕೊಗೆ ನಮ್ಮ ಅಕ್ಷರ ಬಾರದಲ್ಲ ಎಂದೆ.

“ಅದನ್ನ ನಾ ಓದಿ ಹೇಳತೀನಿ. ಎಸ್ಪೆರಾಂಟೊದಾಗ ಇಬ್ರೂ ಅರ್ಧ ದಾರಿ ಬಂದು ಕೂಡೀವಿ. ಇನ್ನ ಆಕಿ ಕನ್ನಡಕ್ಕ, ನಮ್ಮನಿ ತನಕ ಬರಲಿ.”

ಪುಸ್ತಕ ಸೀಳಿದ ನನ್ನ ನೋವು ಅಲ್ಲಿಗೆ ಮಾಯವಾಯಿತು. ಬೆಳಿಗ್ಗೆ ಬಳ್ಳಾರಿಗೆ ಹೊರಟ ಬಸ್ಸಿನ ಕಿಟಕಿಯಿಂದ ಹೊರಳಿ ನೋಡಿದೆ. ದೊಡ್ಡಮ್ಮ ಸೊಂಟದ ಎರಡೂ ಬದಿಗೆ ಒಂದೊಂದು ಸಂಚಿ ಸಿಕ್ಕಿಸಿಕೊಂಡು ನಿಂತಿದ್ದಳು.