ಹಲ್ಲಿಲ್ಲದ ನಾಯಿಯನ್ನು ಮನೆಗೆ ತಂದ ಹಲ್ಲಕ್ಕ

ಬೀದಿಯವರು ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಅದಕ್ಕೆ ಅವಳು ಬೇಸರಪಟ್ಟುಕೊಂಡವಳಲ್ಲ. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದರ ಮೇಲೆ ಎಂಜಲು ಇನ್ನೂ ಹಸಿಯಾಗಿ ಹೊಳೆಯುತ್ತಿರುತ್ತಿತ್ತು. ಅವಳು ತೊಳೆದು, ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಮುರಿದ ಹಳೇ ಸೆಟ್ಟುಗಳು ರಿಪೇರಿಗೆ ಬಂದಾಗ ಅವುಗಳ ಸಂದಿಯಲ್ಲಿ ವರ್ಷಗಟ್ಟಲೆ ಉಜ್ಜದ ಹಳದಿ ಪಾಚಿ ಇರುತ್ತಿತ್ತು. ಜೊತೆಗೆ ಕೆಲಸ ಕಲಿಯಲು ಬಂದ ಹುಡುಗಿಯರು ಆ ವಾಸನೆಗೇ ಓಡಿಹೋಗಿದ್ದರು.

"ನಿಂಗೆ ಹೇಸಿಗೆ ಅನ್ನೋದೇ ಇಲ್ವಲ್ಲ" ಎಂದು ಅತ್ತೆ ಮೂಗು ಮುರಿಯುತ್ತಿದ್ದರು.

"ಬಾಯಿ ತಾನೇ ಅತ್ತೆ, ಎಲ್ಲರಿಗೂ ಇರುತ್ತೆ" ಎನ್ನುತ್ತಿದ್ದಳು ಹಲ್ಲಕ್ಕ. ಅತ್ತೆಯ ಬಾಯಲ್ಲಿದ್ದ ಹಲ್ಲುಗಳೂ ಅವಳೇ ಮಾಡಿದವು. ಆ ವಿಷಯವನ್ನು ಅವರಿಬ್ಬರೂ ಯಾರ ಮುಂದೆಯೂ ಆಡುತ್ತಿರಲಿಲ್ಲ. ಅತ್ತೆ ಬಾಗಿಲು ಹಾಕಿಕೊಂಡೇ ಹಲ್ಲು ತೆಗೆಯುತ್ತಿದ್ದರು. ಹೆತ್ತ ಮಕ್ಕಳು ಕೂಡ ಅವರ ಬೋಳು ಬಾಯಿ ನೋಡಿರಲಿಲ್ಲ.

ಮನೆಯಲ್ಲಿ ಇದ್ದವರು ಅತ್ತೆ, ಲಿಫ್ಟ್ ರಿಪೇರಿ ಮಾಡುವ ಗಂಡ, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮೈದುನ, ಆಮೇಲೆ ದೊರೆ. ದೊರೆ ಎಂದರೆ ನಾಯಿ. ಕಂದು ಮೈ, ಬೆಣ್ಣೆಯಂಥ ಕಿವಿ, ಎಳೆಯ ಪ್ರಾಯ. ಕಣ್ಣು ಬಿಡುವ ಮೊದಲೇ ಮೈದುನ ಅದನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಹಲ್ಲಕ್ಕ ಹತ್ತಿಯಲ್ಲಿ ಹಾಲು ಅದ್ದಿ ಬದುಕಿಸಿದ್ದಳು. ಸೋಫಾದ ಒಂದು ಮೂಲೆ ದೊರೆಯದು, ಫ್ಯಾನಿನ ಕೆಳಗಿನ ಜಾಗ ದೊರೆಯದು, ತಟ್ಟೆಯಿಂದ ಮೊದಲ ತುತ್ತು ದೊರೆಯದು. ಎಲ್ಲರೂ ಸೇರಿ ತಲೆ ಮೇಲೆ ಕೂರಿಸಿಕೊಂಡಿದ್ದರು, ಅವಳೂ ಸೇರಿ.

ಆಸ್ಪತ್ರೆ ಇದ್ದ ಕಟ್ಟಡದ ಕೆಳಗಿನ ಮಹಡಿಯಲ್ಲೇ ಪ್ರಾಣಿಗಳ ದವಾಖಾನೆ ಇತ್ತು. ಒಂದು ದಿನ ಅನಾಥ ಪ್ರಾಣಿಗಳ ಆಶ್ರಯದವರು ಅಲ್ಲಿಗೆ ಮುದಿ ನಾಯಿಯೊಂದನ್ನು ತಂದರು. ಮನೆ ಬದಲಾಯಿಸಿದವರು ಯಾರೋ ಅದನ್ನು ಆಶ್ರಯದ ಗೇಟಿಗೆ ಕಟ್ಟಿ ಹೋಗಿದ್ದರಂತೆ. ಬಾಯೆಲ್ಲ ಕೊಳೆತು ಕೀವಾಗಿತ್ತು. ಅಲ್ಲಿನ ಡಾಕ್ಟರು ಇದ್ದಬದ್ದ ಹಲ್ಲೆಲ್ಲ ಕಿತ್ತು ಹಾಕಿದರು. ಗಾಯ ಆರುವವರೆಗೆ ಅದು ಮೆಟ್ಟಿಲ ಕೆಳಗೆ ಒಂದು ಗೋಣಿಯ ಮೇಲೆ ಮಲಗಿರುತ್ತಿತ್ತು. ಹತ್ತುವವರಿಗೂ ಇಳಿಯುವವರಿಗೂ ಬಾಲದ ತುದಿಯನ್ನಷ್ಟೇ ಆಡಿಸುತ್ತಿತ್ತು. ಜನ ಕರ್ಚೀಫು ಮೂಗಿಗೆ ಹಿಡಿದು ದಾಟುತ್ತಿದ್ದರು.

ಹಲ್ಲಕ್ಕನಿಗೆ ಆ ವಾಸನೆ ದಿನಾ ಕಂಡದ್ದೇ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನಿಸತೊಡಗಿದಳು. "ಇದನ್ನ ಯಾರೂ ಕರ್ಕೊಂಡು ಹೋಗಲ್ಲಮ್ಮ, ವಯಸ್ಸಾಗಿದೆ. ಮರಿ ಇದ್ರೆ ಎಲ್ಲರೂ ಕೈ ಚಾಚ್ತಾರೆ" ಎಂದರು ಪ್ರಾಣಿ ಡಾಕ್ಟರು. ಅವಳು ಎರಡು ದಿನ ಯೋಚಿಸಿ ಗಂಡನನ್ನು ಕೇಳಿದಳು. ಅವನು ಟಿವಿಯಿಂದ ಕಣ್ಣು ತೆಗೆಯದೆ, "ನೋಡ್ಕೊಳ್ಳೋಳು ನೀನು ತಾನೇ, ತಗೊಂಡು ಬಾ" ಎಂದ.

ಪ್ರಾಣಿ ಡಾಕ್ಟರು ಹೇಳಿಕೊಟ್ಟಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದಳು. ಎರಡು ನಾಯಿಗಳನ್ನೂ ಮೊದಲು ಹೊರಗೆ, ಎರಡರದೂ ಅಲ್ಲದ ರಸ್ತೆಯಲ್ಲಿ ಭೇಟಿ ಮಾಡಿಸಿದಳು. ಗಂಡ ದೊರೆಯನ್ನು ಹಿಡಿದು ಆ ಬದಿ, ಅವಳು ಮುದಿ ನಾಯಿಯನ್ನು ಹಿಡಿದು ಈ ಬದಿ ನಡೆದರು. ಊಟದ ಬಟ್ಟಲು ಬೇರೆ, ಹಾಸಿಗೆ ಬೇರೆ. ಯಾರೂ ಇಲ್ಲದಾಗ ಎರಡನ್ನೂ ಒಂದೇ ಕೋಣೆಯಲ್ಲಿ ಬಿಡಬಾರದು. ಮನೆಯವರಿಗೂ ಇದನ್ನೇ ಮತ್ತೆ ಮತ್ತೆ ಹೇಳಿದಳು. ಎಲ್ಲರೂ ತಲೆಯಾಡಿಸಿದರು.

ಮೈದುನ ಹೊಸ ನಾಯಿಗೆ ಮುದುಕಪ್ಪ ಎಂದು ಹೆಸರಿಟ್ಟ. ಅತ್ತೆಗೆ ಮಾತ್ರ ಅದನ್ನು ಕಂಡರೆ ಆಗಲಿಲ್ಲ. ಅದರ ನಾಲಗೆ ಸದಾ ಬಾಯಿಯ ಒಂದು ಪಕ್ಕಕ್ಕೆ ಜಾರಿರುತ್ತಿತ್ತು, ಜೊಲ್ಲು ನೆಲಕ್ಕೆ ನೂಲಿನಂತೆ ಇಳಿಯುತ್ತಿತ್ತು. ಕಾಲೊರೆಸುವ ಬಟ್ಟೆಯ ಮೇಲೆ ಉಚ್ಚೆ ಮಾಡುತ್ತಿತ್ತು. ತಿಂದದ್ದರಲ್ಲಿ ಅರ್ಧ ಬಟ್ಟಲಿನ ಸುತ್ತ ಚೆಲ್ಲುತ್ತಿತ್ತು. "ವಾಂತಿ ಬರುತ್ತೆ ಕಣೇ ನಂಗೆ" ಎಂದು ಅತ್ತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಹಲ್ಲಕ್ಕ ನೆಲ ಒರೆಸುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ಅವಳಿಗೆ ಒಂದು ಸಂಗತಿ ಅರ್ಥವಾಗದೆ ಉಳಿಯಿತು. ಮೊದಮೊದಲು ಮುದುಕಪ್ಪನನ್ನು ಮೂಸಿ ಸುಮ್ಮನಾಗುತ್ತಿದ್ದ ದೊರೆ, ಈಗ ಅದರ ಬಾಯಿಗೇ ಬಾಯಿ ಹಾಕುತ್ತಿತ್ತು. ತನ್ನ ಬಟ್ಟಲು ತುಂಬಿದ್ದರೂ ಅದನ್ನು ಬಿಟ್ಟು ಮುದುಕನ ಎದುರಿಗಿದ್ದುದನ್ನೇ ಕಿತ್ತುಕೊಳ್ಳುತ್ತಿತ್ತು. ಕಿತ್ತುಕೊಂಡು ತಿನ್ನುತ್ತಲೂ ಇರಲಿಲ್ಲ. ಮನೆಯವರ ಮುಖ ನೋಡುತ್ತ ಬಾಲ ಆಡಿಸುತ್ತಿತ್ತು. ಮುದುಕಪ್ಪ ಅವಳು ಕೈಯಾರೆ ಕೊಟ್ಟರೂ ಮೊದಲು ಆಚೀಚೆ ನೋಡಿ ಬಾಯಿ ತೆರೆಯುತ್ತಿತ್ತು. ಇದನ್ನು ಪ್ರಾಣಿ ಡಾಕ್ಟರಿಗೆ ಹೇಳಿದಾಗ ಅವರು, "ನಾಯಿ ತಾನಾಗೇ ಹಾಗೆ ಮಾಡಲ್ಲ. ಯಾರಾದ್ರೂ ಮೆಚ್ಚಿಕೊಂಡಿದ್ರೆ ಮಾಡುತ್ತೆ" ಎಂದರು. ಅವಳು ಮನೆಯಲ್ಲಿ ವಿಚಾರಿಸಿದಳು. ಎಲ್ಲರೂ ಗೊತ್ತಿಲ್ಲ ಎಂದರು.

ಗೊತ್ತಾದದ್ದು ಆಸ್ಪತ್ರೆಯಲ್ಲೇ. ವಯಸ್ಸಾದವರೊಬ್ಬರಿಗೆ ಹೊಸ ಸೆಟ್ಟು ಕೂರಿಸಬೇಕಿತ್ತು. ಒಂದು ಕಡೆ ಒಸಡಿಗೆ ಒತ್ತುತ್ತಿದೆ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದರು. ಅವಳು ಸೆಟ್ಟನ್ನು ತೆಗೆದುಕೊಂಡು ಒತ್ತುವ ಜಾಗವನ್ನು ಉಜ್ಜುತ್ತಿದ್ದಳು. ಕುರ್ಚಿಯಲ್ಲಿ ಬೋಳು ಬಾಯಲ್ಲಿ ಕಾಯುತ್ತಿದ್ದ ಆ ಮನುಷ್ಯ ಹೊತ್ತು ಹೋಗಲೆಂದು ಮೊಬೈಲ್ ನೋಡುತ್ತ ಕುಲುಕುಲು ನಗತೊಡಗಿದರು.

"ನೋಡಮ್ಮಾ ಇಲ್ಲಿ, ನನ್ನ ಹಾಗೇ ಇದಾನೆ ಇವನು" ಎಂದು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದರು.

ಪರದೆಯ ಮೇಲೆ ಅವಳ ಮನೆಯ ಹಸಿರು ಸೋಫಾದ ಕಾಲು ಕಂಡಿತು. ಅದರ ಮುಂದೆ ಮುದುಕಪ್ಪ. ಯಾರದೋ ಕೈ ಅದಕ್ಕೆ ಕಲ್ಲಿನಂಥ ರಸ್ಕು ಕೊಟ್ಟಿತು. ಅದು ಒಸಡಿನಲ್ಲಿ ಹಿಡಿಯಿತು, ರಸ್ಕು ಜಾರಿ ಬಿತ್ತು. ಮತ್ತೆ ಹಿಡಿಯಿತು, ಮತ್ತೆ ಬಿತ್ತು. ದೊರೆ ಬಂದು ಕಿತ್ತುಕೊಂಡು ಹೋಯಿತು. ಮುದುಕಪ್ಪ ರಸ್ಕು ಎಲ್ಲಿ ಹೋಯಿತೆಂದು ತನ್ನ ಮುಂಗಾಲುಗಳ ನಡುವೆ ಹುಡುಕಿತು. ಅಲ್ಲಿಗೆ ಹಿನ್ನೆಲೆಯಲ್ಲಿ ಪೀಪಿ ಊದುವ ಸದ್ದು ಸೇರಿಸಿದ್ದರು. ಮತ್ತೆ ಆ ಕೈ ಬಂದು ಇನ್ನೊಂದು ರಸ್ಕು ಕೊಟ್ಟಿತು. ಪೀಪಿಯ ನಡುವೆ ಮೈದುನನ ನಗು ಕೇಳಿತು. ಅದರ ಹಿಂದೆ, ನಿಧಾನಕ್ಕೆ ಏರುವ ಇನ್ನೊಂದು ನಗು. ಅದು ಅವಳ ಗಂಡನದು. ಮದುವೆಗೆ ಮೊದಲು ಅವಳು ಮೆಚ್ಚಿದ್ದೇ ಆ ನಗುವನ್ನು. "ಇನ್ನೊಂದು ಕೊಡೋ, ಇನ್ನೊಂದ್ಸಲ ಮಾಡ್ಸೋ" ಎನ್ನುತ್ತಿತ್ತು ಆ ದನಿ.

ಕುರ್ಚಿಯಲ್ಲಿದ್ದವರು ಒಸಡು ಬಿಟ್ಟು ನಗುತ್ತಿದ್ದರು. ಎಂಜಲು ಗಲ್ಲಕ್ಕೆ ಇಳಿದಿತ್ತು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರು ತಮ್ಮನ್ನೇ ನೋಡಿಕೊಂಡು ನಗುತ್ತಿದ್ದರು. ಸೆಟ್ಟನ್ನು ಡಾಕ್ಟರ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋಗಿ ತೊಟ್ಟಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಂಡಳು. ಆ ಕೋಣೆಯಲ್ಲಿ ಅದು ಅವಳ ಮೊದಲ ವಾಂತಿ.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಬಡಿಸಿದಳು, ತಾನು ಕೂರಲಿಲ್ಲ.

"ಯಾಕೆ, ಹಸಿವಿಲ್ವಾ?" ಎಂದು ಗಂಡ ಕೇಳಿದ.

"ಹೇಸಿಗೆ ಆಗ್ತಿದೆ."

ಮೈದುನ ನಕ್ಕ. "ಕೊನೆಗೂ ಆಯ್ತಲ್ಲ ಅತ್ತಿಗೆ. ನಾವು ಎಷ್ಟು ದಿನದಿಂದ ಮೂಗು ಮುಚ್ಕೊಂಡಿದೀವಿ. ವಾಪಸ್ ಬಿಟ್ಟು ಬನ್ನಿ ಮತ್ತೆ."

"ನಾಯಿ ಮೇಲಲ್ಲಪ್ಪ, ನಿಮ್ಮ ಮೇಲೆ" ಎಂದಳು. ಗಂಡನ ಕಡೆ ತಿರುಗಿದಳು. "ರಸ್ಕು ಕೊಟ್ಟು ಆಟ ಆಡ್ಸಿದ್ದು ನೋಡ್ದೆ. ನಿಮ್ಮ ದನಿನೂ ಕೇಳ್ಸಿತು."

ಗಂಡ ಕೈಯ ತುತ್ತನ್ನು ತಟ್ಟೆಗೆ ಹಾಕಿದ. ಮೈದುನ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. "ಅಯ್ಯೋ ಅತ್ತಿಗೆ, ಏನೋ ತಮಾಷೆ. ಅದಕ್ಕೇನು ನೋವಾಗಿದ್ಯಾ? ಊರೆಲ್ಲಾ ನಕ್ಕಿದೆ. ನಾಯಿಗೇನು ಮರ್ಯಾದೆ ಹೋಗುತ್ತಾ?"

"ಅದು ಹಸಿದಿತ್ತು" ಎಂದಳು. "ಹಸಿದಿರೋದನ್ನ ಹಿಡ್ಕೊಂಡು, ಅದಕ್ಕಾಗದೇ ಇರೋದನ್ನೇ ಬಾಯಿಗೆ ಕೊಟ್ಟು, ಇನ್ನೊಬ್ಬನ ಕೈಲಿ ಕಿತ್ತಿಸಿ ನಗ್ತಾ ಕೂತಿದ್ರಿ. ದಿನಾ ನಾನು ಎಂಥೆಂಥ ಬಾಯಿ ತೊಳೀತೀನಿ. ಒಂದರಲ್ಲೂ ಇಷ್ಟು ಕೊಳೆ ಕಂಡಿಲ್ಲ."

ಅಷ್ಟರಲ್ಲಿ ಅತ್ತೆ ಮಾತಾಡಿದರು. "ಯಾವಾಗ್ರೋ ಮಾಡಿದ್ದು ಇದನ್ನ?"

"ನೀನು ಮಧ್ಯಾಹ್ನ ಮಲಗಿದ್ದಾಗ. ರಜಾ ದಿನ" ಎಂದ ಮೈದುನ. "ನಿಂಗೂ ತೋರಿಸ್ತೀನಿ ಇರು, ನಗ್ತೀಯ."

ಅವನು ತೋರಿಸಿದ. ಅತ್ತೆ ಕೊನೆಯವರೆಗೂ ನೋಡಿದರು. ಮೊಬೈಲನ್ನು ಹಿಂದಕ್ಕೆ ಕೊಟ್ಟು, ತಲೆ ತಗ್ಗಿಸಿ, ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟು ತೆಗೆದರು, ಆಮೇಲೆ ಕೆಳಗಿನದು. ಎರಡನ್ನೂ ಕಿರಿಮಗನ ತಟ್ಟೆಯ ಪಕ್ಕದಲ್ಲಿಟ್ಟರು. ಅನ್ನದ ಅಗುಳು ಅಂಟಿತ್ತು. ಅವರ ಕೆನ್ನೆಗಳು ಒಳಕ್ಕೆ ಹೋದವು, ಮುಖವೇ ಅರ್ಧವಾಯಿತು. ಮುದುಕಪ್ಪನಿಗೆಂದು ಇಟ್ಟಿದ್ದ ಬ್ರೆಡ್ಡಿನ ಗಟ್ಟಿ ಅಂಚೊಂದನ್ನು ತೆಗೆದುಕೊಂಡು ಒಸಡಿನಲ್ಲೇ ಜಗಿಯತೊಡಗಿದರು. ಅದು ಬಾಯಿಂದ ಜಾರಿ ಸೀರೆಯ ಮೇಲೆ ಬಿತ್ತು. ಎತ್ತಿಕೊಂಡು ಮತ್ತೆ ಬಾಯಿಗಿಟ್ಟರು.

"ನಗ್ರೋ" ಎಂದರು. ಮಾತು ಗಾಳಿಯಂತೆ ಬಂತು.

"ಛೀ, ಅಮ್ಮ, ಊಟದ ಹೊತ್ತಲ್ಲಿ" ಎಂದು ಮೈದುನ ಮುಖ ತಿರುಗಿಸಿ ಎದ್ದುಹೋದ. ಗಂಡ ಏಳಲಿಲ್ಲ. ಕಣ್ಣೆತ್ತಿ ನೋಡಲೂ ಇಲ್ಲ. ಹಲ್ಲಕ್ಕ ಆ ಎರಡೂ ಸೆಟ್ಟುಗಳನ್ನು ತೆಗೆದುಕೊಂಡು ಹೋಗಿ ತೊಳೆದು, ಬಟ್ಟಲಲ್ಲಿ ನೀರು ಹಾಕಿ ಅತ್ತೆಯ ಕೋಣೆಯಲ್ಲಿಟ್ಟು ಬಂದಳು.

ಇದರಿಂದ ಮನೆಯಲ್ಲಿ ಎಲ್ಲ ಸರಿಹೋಯಿತೆಂದೇನಲ್ಲ. ಮೈದುನ ಮುಖ ದಪ್ಪ ಮಾಡಿಕೊಂಡು ತಿರುಗಾಡಿದ. ವಿಡಿಯೋ ತೆಗೆದುಹಾಕು ಎಂದು ಅಣ್ಣ ಹೇಳಿದಾಗ ತೆಗೆದ, ಆದರೆ ಅದು ಅಷ್ಟು ಹೊತ್ತಿಗೆ ಯಾರ್ಯಾರದೋ ಮೊಬೈಲು ಸೇರಿಯಾಗಿತ್ತು. ಬೀದಿಯ ಅಂಗಡಿಯವನು, "ನಿಮ್ಮ ಮುದುಕಪ್ಪ ಹೇಗಿದಾನೆ ಹಲ್ಲಕ್ಕ, ರಸ್ಕು ಕೊಡ್ಲಾ?" ಎಂದು ಹಲ್ಲು ಕಿರಿದ. ಅವಳು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಕೆಲವು ತಿಂಗಳ ಮೇಲೆ ಮೈದುನ ಸ್ನೇಹಿತನ ಜೊತೆ ಬೇರೆ ಮನೆ ಮಾಡಿದ. ಹೋಗುವಾಗ ದೊರೆಯನ್ನು ಕರೆದುಕೊಂಡು ಹೋಗುತ್ತೇನೆಂದ. "ಬೇಡ" ಎಂದಳು. ಅವನು ಒತ್ತಾಯ ಮಾಡಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವಳಿಗೆ ದೊರೆಯ ಮೇಲೂ ಹೇಸಿಗೆ ಹುಟ್ಟಿತ್ತು. ಅದು ಕಾಲಿಗೆ ಮೈ ಉಜ್ಜಿದರೆ ಸರಿದು ನಿಲ್ಲುತ್ತಿದ್ದಳು. ಹಾಲೆರೆದು ಬದುಕಿಸಿದ ಆ ಬಾಯಿ ಇನ್ನೊಂದರ ಬಾಯಿಂದ ಕಿತ್ತುಕೊಂಡದ್ದು ಕಣ್ಣಿಗೆ ಕಟ್ಟುತ್ತಿತ್ತು. ನಾಯಿಗೇನು ತಿಳಿಯುತ್ತದೆ, ಚಪ್ಪಾಳೆ ತಟ್ಟಿದವರು ಮನುಷ್ಯರು ಎಂದು ತಲೆಗೆ ಗೊತ್ತಿತ್ತು. ಕೈಗೆ ಗೊತ್ತಾಗಲು ಹೊತ್ತು ಹಿಡಿಯಿತು.

ಕೈ ಕೆಲಸ ಮಾಡುತ್ತ ಮಾಡುತ್ತಲೇ ಅದು ಗೊತ್ತಾಯಿತು. ಬಾಗಿಲು ಹಾಕಿ ಎರಡಕ್ಕೂ ಬೇರೆ ಬೇರೆ ಕೋಣೆಯಲ್ಲಿ ಊಟ ಕೊಟ್ಟಳು. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋದಳು. ಮುದುಕಪ್ಪನ ಹತ್ತಿರ ಇದ್ದೂ ದೊರೆ ಸುಮ್ಮನಿದ್ದರೆ ಅದಕ್ಕೊಂದು ಚೂರು ಮೊಟ್ಟೆ ಸಿಗುತ್ತಿತ್ತು. ಬಾಯಿ ಹಾಕಿದರೆ ಯಾರೂ ಬೈಯುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ, ಸುಮ್ಮನೆ ಆಚೆ ಕೋಣೆಗೆ ಕಳಿಸುತ್ತಿದ್ದರು. ಮೆಚ್ಚುವವರಿಲ್ಲದ ಮೇಲೆ ಅದಕ್ಕೂ ಆ ಆಟ ಸಪ್ಪೆಯಾಯಿತು. ಅವೆರಡೂ ಸ್ನೇಹಿತರಾಗಲಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಬೆನ್ನು ಕೊಟ್ಟು, ನಡುವೆ ಒಂದು ಚಾಪೆಯಷ್ಟು ಜಾಗ ಬಿಟ್ಟು ಮಲಗುತ್ತಿದ್ದವು. ಅಷ್ಟು ಸಾಕಾಗಿತ್ತು.

ಅತ್ತೆ ಮುದುಕಪ್ಪನನ್ನು ಮುದ್ದು ಮಾಡಿದವರೇನಲ್ಲ. ಜೊಲ್ಲು ಕಂಡರೆ ಈಗಲೂ ಮುಖ ಸಿಂಡರಿಸುತ್ತಿದ್ದರು. ಆದರೆ ಸೊಸೆ ಕೆಲಸಕ್ಕೆ ಹೋದಾಗ ಮಧ್ಯಾಹ್ನದ ಊಟವನ್ನು ಅವರೇ ನುಣ್ಣಗೆ ಕಿವಿಚಿ ಕೊಡುತ್ತಿದ್ದರು. ಅದು ತಿಂದು ಮುಗಿಸುವವರೆಗೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದರು.

ಗಂಡನ ವಿಷಯ ಅಷ್ಟು ಸುಲಭವಿರಲಿಲ್ಲ. ಅವನು ತಪ್ಪಾಯಿತು ಎಂದು ಹೇಳಿದ್ದ, ಮನಸ್ಸಿನಿಂದಲೇ ಹೇಳಿದ್ದ. ಆದರೂ ಟಿವಿಯಲ್ಲಿ ಏನಾದರೂ ನೋಡಿ ಅವನು ನಕ್ಕರೆ ಅವಳು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಕಾಲೇ ಎತ್ತಿಕೊಂಡು ಹೋಗುತ್ತಿತ್ತು. ಅವನು ಅದನ್ನು ಗಮನಿಸಿ ನಗುವುದನ್ನು ಕಡಿಮೆ ಮಾಡಿದ. ಅದೂ ಅವಳಿಗೆ ಹಿತವಾಗಲಿಲ್ಲ.

ಒಂದು ರಜೆಯ ಬೆಳಿಗ್ಗೆ ಮುದುಕಪ್ಪ ತಿಂದದ್ದನ್ನೆಲ್ಲ ಹಾಸಿಗೆಯ ಮೇಲೆ ಕಕ್ಕಿಕೊಂಡಿತ್ತು. ಅವಳು ಬಕೆಟ್ಟು ಹಿಡಿದು ಬರುವಷ್ಟರಲ್ಲಿ ಗಂಡ ಮೊಣಕಾಲೂರಿ ಕೂತು, ಬಟ್ಟೆಯಲ್ಲಿ ಅದರ ಬಾಯಿ ಒರೆಸುತ್ತಿದ್ದ. ವಾಸನೆಗೆ ಅವನಿಗೇ ವಾಕರಿಕೆ ಬಂದು ಕಣ್ಣಲ್ಲಿ ನೀರಾಡುತ್ತಿತ್ತು. ಕೈ ಮಾತ್ರ ಬಿಡಲಿಲ್ಲ.

"ನನ್ನ ಮೇಲೆ ಇನ್ನೂ ಹೇಸಿಗೆ ಇದ್ಯಾ?" ಎಂದು ಅವಳ ಕಡೆ ನೋಡದೆ ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. "ಇದೆ. ಮೊದಲಿನಷ್ಟಿಲ್ಲ" ಎಂದಳು. ಬಕೆಟ್ಟನ್ನು ಅವನ ಪಕ್ಕಕ್ಕಿಟ್ಟು, ಒಗೆಯಲು ಹಾಸಿಗೆಯ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.